ಸಮೆಟ್ ನಾಂಗ್‌ಶಿಗೆ ಹೋಗುವವರು ಉಬ್ಬರದ ಹೊತ್ತು ನೋಡಿಕೊಳ್ಳಿ

ಥಾಯ್ಲೆಂಡ್‌ನ ಫುಕೆಟ್‌ಗೆ ಹೋದವರು ಫಾಂಗ್ ನ್ಗಾ ಕೊಲ್ಲಿ ನೋಡಲು ಸಮೆಟ್ ನಾಂಗ್‌ಶಿ ಗುಡ್ಡದ ಗಾಜಿನ ಸ್ಕೈವಾಕ್‌ಗೆ ಹೋಗುವುದಾದರೆ, ಸಮುದ್ರದ ಉಬ್ಬರ ಮಧ್ಯಾಹ್ನ ಮೂರರಿಂದ ಐದರೊಳಗೆ ಬರುವ ದಿನವನ್ನೇ ಆರಿಸಿಕೊಳ್ಳಿ. ಉಬ್ಬರವಿದ್ದಾಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ತೋಡುಗಳೆಲ್ಲ ತುಂಬಿ, ಹಸಿರಿನ ನಡುವೆ ನೀರಿನ ತಿರುವುಗಳು ಹೊಳೆಯುತ್ತವೆ. ಇಳಿತದಲ್ಲಿ ಅದೇ ಜಾಗ ಬೂದುಬಣ್ಣದ ಕೆಸರು. ಸ್ಕೈವಾಕ್ ಪೂರ್ವಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಕೊಲ್ಲಿಯ ದ್ವೀಪಗಳ ಸುಣ್ಣದಕಲ್ಲಿನ ಗೋಡೆಗಳ ಮೇಲೆ ನೇರ ಬೀಳುತ್ತದೆ, ಕಲ್ಲಿನ ಮೇಲಿನ ಕೇಸರಿ ಪಟ್ಟೆಗಳೂ ಕಾಣುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಪ್ರವಾಸದಲ್ಲಿ ಒಂದೆರಡು ದಿನ ಹಿಂದೆಮುಂದೆ ಮಾಡಿಕೊಂಡರೆ ಉಬ್ಬರದ ಹೊತ್ತು ಒಂದೂವರೆ ಗಂಟೆಯವರೆಗೆ ಸರಿಯುತ್ತದೆ. ಉಬ್ಬರದ ಹೊತ್ತು ತೋರಿಸುವ ಆ್ಯಪ್‌ನಲ್ಲಿ ಥಾಯ್ ಸಮಯವೇ ಇದೆಯಾ ನೋಡಿ, ಅದು ನಮಗಿಂತ ಒಂದೂವರೆ ಗಂಟೆ ಮುಂದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡ ಉಬ್ಬರ ಬೆಳಗ್ಗೆಯೇ ಬಂದು ಹೋಗುವುದುಂಟು, ಆಗ ಈ ಲೆಕ್ಕ ಕೂಡಿಬರುವುದಿಲ್ಲ. ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಧ್ಯಾಹ್ನದ ಮೋಡ ಕವಿದರೆ ಬಿಸಿಲಿನ ಆಸೆ ಬಿಡಬೇಕು. ದ್ವೀಪಗಳ ಹಿಂದಿನಿಂದ ಸೂರ್ಯ ಮೇಲೇಳುವುದನ್ನು ನೋಡಬೇಕೆನ್ನುವವರು ಮಾತ್ರ ಉಬ್ಬರದ ಚಿಂತೆ ಬಿಟ್ಟು ನಸುಕಿಗೇ ಸಮೆಟ್ ನಾಂಗ್‌ಶಿ ಗುಡ್ಡದ ಮೇಲಿರಿ.