ಪ್ರತಿಸ್ಪರ್ಧಿಗಳ ಶೀಟ್ ತುಂಬಿತು, ನಿರ್ಧಾರ ಮಾತ್ರ ಆಗಲಿಲ್ಲ: ನಾನು ಸರಿಮಾಡಿಕೊಂಡ ಬಗೆ

ಖರ್ಚು ಬರೆದಿಡುವ ನಮ್ಮ ಆ್ಯಪ್‌ನ ಸೈನ್‌ಅಪ್ (ಹೊಸಬರು ಖಾತೆ ತೆರೆಯುವ ಹಂತ) ಬದಲಿಸಬೇಕಿತ್ತು. 9 ಪ್ರತಿಸ್ಪರ್ಧಿ ಆ್ಯಪ್‌ಗಳ ಫೀಚರ್‌ಗಳಿಗೆ ಶೀಟ್‌ನಲ್ಲಿ ಟಿಕ್ ಹಾಕುತ್ತಾ ಹೋದೆ, 60 ಸಾಲಾಯಿತು. ಮೀಟಿಂಗ್‌ನಲ್ಲಿ ‘ಅವರಲ್ಲಿದೆ, ನಮ್ಮಲ್ಲೂ ಇರಲಿ’ ಅನ್ನುವುದರಾಚೆ ಮಾತು ಹೋಗಲಿಲ್ಲ.

ಸ್ಕ್ರೀನ್‌ಶಾಟ್ ಅಂಟಿಸಿಟ್ಟೆ, ಪರದೆ ಕಂಡಿತು, ಜನ ತಡವರಿಸುವ ಜಾಗ ಕಾಣಲಿಲ್ಲ. ಅವರ ವೆಬ್‌ಸೈಟ್ ಓದಿದ್ದು ಜಾಹೀರಾತು ಓದಿದ ಹಾಗಾಯಿತು.

ಕ್ರಮ ತಿರುಗಿಸಿದ ಮೇಲೆ ದಾರಿ ಸಿಕ್ಕಿತು. ಮೊದಲು ಒಂದೇ ಪ್ರಶ್ನೆ ಬರೆದೆ: ‘ಫೋನ್ ನಂಬರ್ ಮೊದಲ ಪರದೆಯಲ್ಲೇ ಕೇಳಬೇಕೆ?’ ಇದರ ಉತ್ತರ ಬದಲಿಸದ ಮಾಹಿತಿಯೆಲ್ಲ ಶೀಟ್‌ನಿಂದ ಹೊರಗೆ. 9ರಲ್ಲಿ 3 ಉಳಿಸಿಕೊಂಡು, ಎಕ್ಸೆಲ್ ಸೇರಿಸಿದೆ. ಎಷ್ಟೋ ಜನ ಖರ್ಚು ಬರೆಯುವುದು ಅದರಲ್ಲೇ, ಆದರೂ ಪಟ್ಟಿಯಲ್ಲಿ ಅದನ್ನು ಯಾರೂ ಸೇರಿಸುವುದಿಲ್ಲ.

ಆಮೇಲೆ ಹೊಸ ಇಮೇಲ್ ಮಾಡಿಕೊಂಡು, ಸ್ಕ್ರೀನ್ ರೆಕಾರ್ಡರ್ ಆನ್ ಮಾಡಿ, ಪ್ರತಿಯೊಂದರಲ್ಲೂ ಇನ್‌ಸ್ಟಾಲ್‌ನಿಂದ ಮೊದಲ ಖರ್ಚು ಬರೆಯುವವರೆಗೆ ಹೋದೆ. ಎಣಿಸಿದ್ದು ಮೂರೇ: ಎಷ್ಟು ಟ್ಯಾಪ್, ತುಂಬಬೇಕಾದ ಖಾನೆ ಎಷ್ಟು, ಎಲ್ಲಿ ಕಾಯಬೇಕಾಯಿತು. ಹಳೆಯ ಖಾತೆಯಲ್ಲಿ ಇದನ್ನು ಮಾಡಬೇಡಿ, ಆರಂಭದ ಪರದೆಗಳೇ ಬರುವುದಿಲ್ಲ.

ಕೊನೆಗೆ ಆ್ಯಪ್ ಸ್ಟೋರ್‌ನಲ್ಲಿ ಬಳಕೆದಾರರ ವಿಮರ್ಶೆ ಓದಿದೆ: ಹೊಸದು ಮೊದಲು, 3 ಸ್ಟಾರ್‌ನವು, ನಂತರ 2. 1 ಸ್ಟಾರ್‌ನಲ್ಲಿ ಬರೀ ಸಿಟ್ಟು, 5ರಲ್ಲಿ ಬರೀ ಹೊಗಳಿಕೆ. ದೂರುಗಳನ್ನು ತಿದ್ದದೆ, ಅವರ ಮಾತಿನಲ್ಲೇ ನಕಲಿಸಿದೆ. ‘ಒಳಗೇನಿದೆ ನೋಡೋ ಮೊದಲೇ ಒಟಿಪಿ ಕೇಳ್ತಾರೆ’ ಎಂಬರ್ಥದ ಸಾಲು ಮೂರೂ ಆ್ಯಪ್‌ಗಳ ವಿಮರ್ಶೆಯಲ್ಲಿ ಸಿಕ್ಕಿತು.

ನಂಬರ್ ಕೇಳುವ ಪರದೆಯನ್ನು ಮೊದಲ ಖರ್ಚು ಬರೆದ ನಂತರಕ್ಕೆ ಸರಿಸಿದೆವು. ಅದರ ಮಾದರಿಯನ್ನು 5 ಜನರ ಕೈಗೆ ಕೊಟ್ಟು ನೋಡಿದ ಮೇಲೆಯೇ ಕೋಡ್ ಶುರು.