ಗಂಡನಿಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಾಗ ನಾನು ಮಾಡಿದ್ದು, ಮಾಡದೇ ಬಿಟ್ಟಿದ್ದು

ಪಕ್ಕದ ಬೀದಿಯ ಹುಡುಗಿ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಗಂಡನಿಗೆ ಟೋಕಿಯೋದಲ್ಲಿ ಕೆಲಸ ಸಿಕ್ಕಿದೆ. ಮಗನಿಗೆ ಐದು ವರ್ಷ. "ಅಕ್ಕಾ, ಏನೇನು ಒಯ್ಯಬೇಕು ಹೇಳಿ" ಅಂತ ಒಂದು ಪಟ್ಟಿ ಮುಂದಿಟ್ಟಳು. ಮಿಕ್ಸಿ, ಕುಕ್ಕರ್, ರೊಟ್ಟಿ ಹಂಚು, ಚಟ್ನಿಪುಡಿ, ಎರಡು ಕೆಜಿ ಮಂಡಕ್ಕಿ. 2019ರ ಫೆಬ್ರವರಿಯಲ್ಲಿ ನಾವು ದಾವಣಗೆರೆ ಬಿಡುವಾಗ ನನ್ನ ಕೈಯಲ್ಲೂ ಇಂಥದೇ ಪಟ್ಟಿ ಇತ್ತು. ಅದರಲ್ಲಿ ಸಾಮಾನೆಲ್ಲ ಇತ್ತು. ಬೆಳಿಗ್ಗೆ ಎಂಟಕ್ಕೆ ಮನೆಯವರು ಆಫೀಸಿಗೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತಾರೆ, ಅಲ್ಲಿಯವರೆಗೆ ನಾನೇನು ಮಾಡುತ್ತೇನೆ ಅನ್ನೋದೊಂದನ್ನು ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ನಾನು ಇಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಹನ್ನೊಂದು ವರ್ಷದ ಕೆಲಸ ಬಿಟ್ಟು ಹೊರಟೆ. ಮಗಳಿಗೆ ಆಗಷ್ಟೇ ಆರು ತುಂಬಿತ್ತು.

ನಾವಿದ್ದದ್ದು ನಿಶಿ ಕಸಾಯ್ ಅನ್ನೋ ಕಡೆ, ಎದೊಗಾವಾ ವಾರ್ಡಿನಲ್ಲಿ. ಭಾರತದವರು ಜಾಸ್ತಿ ಇರುವ ಜಾಗ ಅದು. 2000ನೇ ಇಸವಿಯ ಕಂಪ್ಯೂಟರ್ ಸಮಸ್ಯೆ ಸರಿಮಾಡಲು ನಮ್ಮ ಇಂಜಿನಿಯರುಗಳು ಹೋದಾಗ ಬಾಡಿಗೆ ಮನೆ ಸಿಗೋದೇ ಕಷ್ಟವಾಗಿತ್ತಂತೆ. 1970ರ ದಶಕದ ಕೊನೆಯಿಂದಲೇ ಅಲ್ಲಿದ್ದ ಜಗಮೋಹನ್ ಚಂದ್ರಾಣಿ ಎಂಬ ಚಹಾ ವ್ಯಾಪಾರಿ ಅವರ ಬೆನ್ನಿಗೆ ನಿಂತರು. ಅಲ್ಲಿಂದ ಆಫೀಸುಗಳ ಕಡೆಗೆ ತೋಜಾಯ್ ಲೈನಿನ ರೈಲು ನೇರ ಹೋಗುತ್ತದೆ. ಹಾಗೇ ಊರು ಬೆಳೆಯಿತು. ನಮಗೆ ತೊಗರಿಬೇಳೆ, ಕರಿಬೇವಿಗೆ ತೊಂದರೆ ಆಗಲಿಲ್ಲ ಅಂದರೆ ಅವರಂಥವರಿಂದ.

ಮನೆ ವಿಷಯ ಬೇಗ ಹೇಳಿಬಿಡುತ್ತೇನೆ. ಖಾಸಗಿ ಮನೆಗೆ ಡಿಪಾಸಿಟ್ ಅಲ್ಲದೆ 'ರೇಕಿನ್' ಅಂತ ಮಾಲೀಕರಿಗೆ ಕೊಡುವ ದುಡ್ಡು ಇರುತ್ತದೆ, ಅದು ವಾಪಸ್ ಬರಲ್ಲ. ಜಾಮೀನು ಬೇರೆ ಬೇಕು. ಯುಆರ್ ಅಂತ ಸರ್ಕಾರಿ ವಸತಿ ಸಂಸ್ಥೆಯ ಮನೆಗಳಿವೆ, ಅಲ್ಲಿ ರೇಕಿನ್ ಇಲ್ಲ, ಜಾಮೀನೂ ಕೇಳಲ್ಲ, ಏಜೆಂಟ್ ಕಮಿಷನ್ನೂ ಇಲ್ಲ. ಎರಡು ತಿಂಗಳ ಬಾಡಿಗೆ ಡಿಪಾಸಿಟ್ ಕಟ್ಟಿದರೆ ಸಾಕು, ಸಂಬಳ ಮಾತ್ರ ಬಾಡಿಗೆಗೆ ತಕ್ಕಷ್ಟಿರಬೇಕು. ನಾವು ಅದನ್ನೇ ಹಿಡಿದೆವು. ಆದರೆ ಬಾಡಿಗೆ ಮನೆ ಅಂದರೆ ಅಲ್ಲಿ ಬರೀ ಗೋಡೆ. ಕೋಣೆಗಳಿಗೆ ದೀಪವೂ ನಾವೇ ತಂದು ಹಾಕಬೇಕು, ಒಲೆ, ಪರದೆಯೂ ಅಷ್ಟೇ. ಮೊದಲ ರಾತ್ರಿ ಮೊಬೈಲ್ ಬೆಳಕಿನಲ್ಲಿ ಚಪಾತಿ ತಿಂದೆವು. ಮಾರನೇ ದಿನ ಊರಿಂದ ಹೊತ್ತು ತಂದ ಮಿಕ್ಸಿ ಹಾಕಿದರೆ ಬ್ಲೇಡು ಸುಮ್ನೆ ನಿಧಾನಕ್ಕೆ ತಿರುಗುತ್ತಿದೆ, ಅಕ್ಕಿ ಅಕ್ಕಿಯಾಗೇ ಇದೆ. ಜಪಾನಿನಲ್ಲಿ ಕರೆಂಟು 100 ವೋಲ್ಟ್, ನಮ್ಮದು 230. ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ತಂದ ಮೇಲೇ ದೋಸೆಹಿಟ್ಟು ನುಣ್ಣಗಾಗಿದ್ದು. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಹಸಿ ಕರಿಬೇವು, ಮಾವಿನಕಾಯಿ ವಿಮಾನ ನಿಲ್ದಾಣದಲ್ಲೇ ಹೋಯಿತು. ಹಸಿ ತರಕಾರಿ, ಸೊಪ್ಪು, ಹಣ್ಣಿಗೆ ಸರ್ಕಾರದ ತಪಾಸಣೆ ಪತ್ರ ಬೇಕು. ಚಟ್ನಿಪುಡಿ ದಾಟಿತು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮೊದಲ ವಾರ ಹೋಟೆಲಿನಲ್ಲಿ ತೋಫು ಅನ್ನೋ ಸೋಯಾ ಪನೀರ್ ಹಾಕಿದ ಮಿಸೋ ಸೂಪ್ ಕುಡಿದು, ಇದು ನಮಗೆ ಒಗ್ಗುತ್ತೆ ಅಂದುಕೊಂಡೆವು. ಆಮೇಲೆ ತಿಳಿಯಿತು, ಅದಕ್ಕೆ ಹಾಕುವ 'ದಾಶಿ' ಅನ್ನೋ ಸಾರು ಸಾಮಾನ್ಯವಾಗಿ ಒಣಮೀನಿನದು. ತರಕಾರಿ ಪಲ್ಯಕ್ಕೂ ಅದೇ, ಉಪ್ಪಿನಕಾಯಿಗೂ ಎಷ್ಟೋ ಸಲ ಅದೇ. ಅವತ್ತು ರಾತ್ರಿ ನಾನು ಅತ್ತೆಯ ಜೊತೆ ಫೋನಿನಲ್ಲಿ ಮಾತಾಡಲಿಲ್ಲ, ಮನಸ್ಸಿಗೆ ಅಷ್ಟು ಹಿಂಸೆಯಾಗಿತ್ತು. ಪೊಟ್ಟಣದ ಮೇಲಿರೋದನ್ನು ಓದಲು ಕಲಿಯದೆ ಬೇರೆ ದಾರಿಯೇ ಇಲ್ಲ ಅಂತ ಕೂತೆ.

ನಮಗೆ ಯಾರೂ ಹೇಳದೇ ಇದ್ದ ಸಂಗತಿ ಅಂದರೆ ಇದು. ಕನ್ನಡದವರಿಗೆ ಜಪಾನೀಸ್ ಅಷ್ಟು ದೂರದ ಭಾಷೆ ಅಲ್ಲ. ಅವರ ಅಕ್ಷರಮಾಲೆ ಅ ಇ ಉ ಎ ಒ ಅಂತಲೇ ಶುರುವಾಗುತ್ತದೆ. ಆಮೇಲೆ ಕ ಕಿ ಕು ಕೆ ಕೊ. ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಧರ್ಮದ ಜೊತೆ ಸಂಸ್ಕೃತ ಕಲಿಕೆ ಅಲ್ಲಿಗೆ ಹೋಗಿ, ಅದರಿಂದ ಬಂದ ಕ್ರಮ. ಕಾಗುಣಿತ ಬಾಯಿಪಾಠ ಇದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ವಾಕ್ಯವೂ ನಮ್ಮ ಹಾಗೇ, ಕ್ರಿಯಾಪದ ಕೊನೆಗೆ. 'ತೋಕ್ಯೋ ನಿ ಇಕು' ಅಂದರೆ 'ಟೋಕಿಯೋಗೆ ಹೋಗುತ್ತೇನೆ', ನಮ್ಮ 'ಗೆ' ಇರುವ ಜಾಗದಲ್ಲೇ ಅವರ 'ನಿ'. ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ನಾನು ಎರಡು ತಿಂಗಳು ಹಾಳುಮಾಡಿದೆ. ಕನ್ನಡದಲ್ಲಿ ಯೋಚಿಸಿ ಕಲಿಯಲು ಶುರುಮಾಡಿದ ಮೇಲೆ ಅಂಗಡಿಯಲ್ಲಿ ಧೈರ್ಯವಾಗಿ "ಕೊರೆ ವಾ ಸಕಾನಾ ದೆಸು ಕಾ?" ಅಂತ ಕೇಳಿದೆ. ಇದು ಮೀನಾ? ಅಷ್ಟೇ. ಕೊನೆಯ 'ಕಾ' ನಮ್ಮ 'ಮೀನಾ' ಅನ್ನೋದರ 'ಆ' ಇದ್ದ ಹಾಗೆ. ಹಿರಗಾನಾ, ಕತಕಾನಾ ಅನ್ನೋ ಅವರ ಎರಡೂ ಅಕ್ಷರಮಾಲೆಗಳನ್ನು ಊರಲ್ಲೇ ಕಲಿತು ಹೋಗಿದ್ದರೆ ಆ ಮೊದಲ ತಿಂಗಳುಗಳು ಬೇರೆ ಥರ ಇರುತ್ತಿದ್ದವು.

ಮಗಳನ್ನು ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿಸಿದೆವು. ಫೀಸಿಲ್ಲ. ಭಾರತೀಯ ಶಾಲೆಗಳೂ ಇವೆ, ಎರಡು ವರ್ಷದಲ್ಲಿ ವಾಪಸ್ ಬರುವವರಿಗೆ ಅವೇ ಸರಿ ಅಂತ ನನ್ನ ಅಭಿಪ್ರಾಯ. ಶಾಲೆ ಶುರುವಾಗುವ ಹೊತ್ತಿಗೆ ಗಣಿತದ ಡಬ್ಬಿ ಬಂತು. ಎಣಿಸುವ ಕಡ್ಡಿ, ಉಗುರಿನಷ್ಟಗಲದ ಬಿಲ್ಲೆ, ಅಂಕಿಯ ಕಾರ್ಡು, ದಾಳ, ಪುಟ್ಟ ಗಡಿಯಾರ. ಇಷ್ಟರ ಮೇಲೂ ಒಂದೊಂದಕ್ಕೂ ಮಗುವಿನ ಹೆಸರು ಅಂಟಿಸಬೇಕು. ಒಂದೊಂದು ಕಡ್ಡಿಗೂ! ಹುಬ್ಬು ಕೀಳುವ ಚಿಮಟದಲ್ಲಿ ಅಕ್ಕಿಕಾಳಿನಷ್ಟು ಚೀಟಿ ಹಿಡಿದು ಮನೆಯವರೂ ನಾನೂ ರಾತ್ರಿ ಒಂದು ಗಂಟೆಯವರೆಗೆ ಅಂಟಿಸಿದೆವು. ಮಗಳ ಹೆಸರಿನ 'ಳ' ಅವರಲ್ಲಿಲ್ಲ, 'ರ' ಅಂತ ಬರೆದೆವು. ಆ ಡಬ್ಬಿಯನ್ನು ನಾನು ಈಗಲೂ ಇಟ್ಟಿದ್ದೇನೆ. ಕೂಡುವುದು ಕಳೆಯುವುದನ್ನು ಮಕ್ಕಳ ಕೈಗೇ ಕೊಟ್ಟು ಕಲಿಸೋದು ಹೇಗೆ ಅಂತ ನನಗೆ ಅದು ತೋರಿಸಿತು.

ಶಾಲೆಯ ಊಟದಲ್ಲಿ ಮಾಂಸ, ಮೀನು ಇರುತ್ತದೆ. ವಿವರಿಸಿದ ಮೇಲೆ ಶಾಲೆಯವರು ಮನೆ ಡಬ್ಬಿಗೆ ಒಪ್ಪಿದರು. ತಿಂಗಳ ಮೊದಲೇ ಊಟದ ಪಟ್ಟಿ ಕೊಡುತ್ತಾರೆ. ನಾನು ಅದನ್ನು ಫ್ರಿಜ್ ಮೇಲೆ ಅಂಟಿಸಿ, ಅವತ್ತು ಏನಿದೆಯೋ ನೋಡಲು ಅದರ ಥರವೇ ಇರೋದನ್ನು ಮಾಡುತ್ತಿದ್ದೆ. ಅಲ್ಲಿ ಕರಿ ರೈಸ್ ಇದ್ದರೆ ನಮ್ಮದು ಆಲೂಗಡ್ಡೆ ಸಾಗು ಅನ್ನ, ನೂಡಲ್ಸ್ ಇದ್ದರೆ ಶಾವಿಗೆ. ಪಕ್ಕದವರ ತಟ್ಟೆಗೂ ತನ್ನ ಡಬ್ಬಿಗೂ ತೀರಾ ವ್ಯತ್ಯಾಸ ಕಾಣಿಸಬಾರದು ಅನ್ನೋದಷ್ಟೇ ನನ್ನ ಆಸೆ.

ಇಷ್ಟೆಲ್ಲ ಆದಮೇಲೂ ಮಧ್ಯಾಹ್ನ ಅನ್ನೋದು ದೊಡ್ಡದಾಗಿತ್ತು. ಮೂವತ್ತೈದು ಮಕ್ಕಳ ಗಲಾಟೆಯಲ್ಲಿ ಇದ್ದವಳು ನಾನು. ಅಲ್ಲಿ ಲಿಫ್ಟಿನಲ್ಲಿ ಕೂಡ ಮಾತಿಲ್ಲ. ಆಗಸ್ಟಿನ ಹೊತ್ತಿಗೆ ನಾನು ಹಗಲೂ ಪರದೆ ಎಳೆದು ಮಲಗುತ್ತಿದ್ದೆ. ಮನೆಯವರಿಗೆ ಹೇಳಿರಲಿಲ್ಲ. ಅವರೇ ಹೊಸ ಆಫೀಸಿನಲ್ಲಿ ಒದ್ದಾಡುತ್ತಿದ್ದರು, ಇನ್ನು ಇದನ್ನೂ ಹೇರೋದು ಬೇಡ ಅಂತ. ಅದು ನನ್ನ ತಪ್ಪು, ನಿಧಾನಕ್ಕೆ ಇಬ್ಬರಿಗೂ ಭಾರವಾಯಿತು. ಕೊನೆಗೆ ಒಂದು ರಾತ್ರಿ ಎಲ್ಲ ಹೇಳಿದೆ. ಅವರು ಆಫೀಸಿನಲ್ಲಿ ಮಾತಾಡಿ ಬುಧವಾರ ಆರಕ್ಕೇ ಹೊರಡುವ ಹಾಗೆ ಮಾಡಿಕೊಂಡರು, ವಾಪಸ್ ಬರುವವರೆಗೂ ಅದನ್ನು ತಪ್ಪಿಸಲಿಲ್ಲ.

ವಾರ್ಡಿನಲ್ಲಿ ಸ್ವಯಂಸೇವಕರು ನಡೆಸುವ ಜಪಾನೀಸ್ ಕ್ಲಾಸಿಗೆ ಸೇರಿದೆ. ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತ ಬಂತು. ನಮ್ಮ ಎದೊಗಾವಾ ವಾರ್ಡು ನದಿಗಳ ನಡುವಿನ ತಗ್ಗು ಪ್ರದೇಶ. ಫೋನುಗಳು ಒಂದೇ ಸಮ ಕೂಗುತ್ತಿವೆ. ಎದುರು ಮನೆಯ ಅಜ್ಜಿ, ಎಂಟು ತಿಂಗಳಲ್ಲಿ ತಲೆಬಾಗಿದ್ದು ಬಿಟ್ಟರೆ ಒಂದು ಮಾತಾಡದವರು, ಬಾಗಿಲು ಬಡಿದು "ಓಫುರೋ, ಮಿಜು" ಅಂದರು. ಸ್ನಾನದ ತೊಟ್ಟಿಗೆ ನೀರು ತುಂಬಿಸಿಕೋ ಅಂತ. ನನಗೆ ಅರ್ಥವಾಯಿತು! ತುಂಬಿಸಿದೆ, ಅವರ ಕಿಟಕಿಗೆ ಟೇಪು ಹಚ್ಚಿಕೊಟ್ಟೆ. ಮಾರನೇ ದಿನ ಮಂಡಕ್ಕಿ ಒಗ್ಗರಣೆ ಮಾಡಿ ಒಯ್ದೆ. ಅಲ್ಲಿಂದ ನನಗೆ ಆ ಬೀದಿ ಪರಊರು ಅನ್ನಿಸಲಿಲ್ಲ. ಮುಂದೆ ಕೆಲಸಕ್ಕೂ ಹೋದೆ. ನನ್ನ ಹಾಗೆ ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಹೋದವರು ಇಮಿಗ್ರೇಶನ್ ಪರವಾನಗಿ ತೆಗೆದುಕೊಂಡು ವಾರಕ್ಕೆ 28 ಗಂಟೆ ದುಡಿಯಬಹುದು. ಹೋದ ಮೊದಲ ತಿಂಗಳೇ ಅರ್ಜಿ ಹಾಕಿ.

ದುಡ್ಡಿನದು ಎರಡೇ ಮಾತು. ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ, ಹೆಚ್ಚುಕಡಿಮೆ ಶೇಕಡಾ 10, ಜೂನಿನಿಂದ ಹಿಡಿಯುತ್ತಾರೆ. ಮೊದಲ ವರ್ಷ ಇರಲ್ಲ, ಎರಡನೇ ವರ್ಷ ಸಂಬಳ ದಿಢೀರ್ ಇಳಿಯುತ್ತದೆ. ಜನವರಿ 1ಕ್ಕೆ ಅಲ್ಲಿದ್ದರೆ ಹಿಂದಿನ ವರ್ಷದ್ದು ಕಟ್ಟಲೇಬೇಕು, ಹಾಗಾಗಿ ವಾಪಸ್ ಬರೋದು ಖಾತ್ರಿಯಿದ್ದರೆ ಡಿಸೆಂಬರ್ ಒಳಗೆ ಬನ್ನಿ. ನಾವು ಮಾರ್ಚ್‌ನಲ್ಲಿ ಬಂದು ಕಟ್ಟಿದೆವು. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ಪಡೆಯಬಹುದು.

2023ರಲ್ಲಿ ಬಂದಾಗ ಮಗಳು ಐದನೇ ಕ್ಲಾಸು. ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ಎರಡೂವರೆ, ದಿನಾ ಆ ಹೊತ್ತಿಗೆ ಅಜ್ಜಿ ಜೊತೆ ಫೋನಿನಲ್ಲಿ ಒಗಟು ಆಡುತ್ತಿದ್ದಳು. ಕನ್ನಡದ ಮಾತು ಉಳಿಯಿತು. ಬರೆಯೋದನ್ನು ನಾನು ಕಲಿಸಲಿಲ್ಲ. ಒತ್ತಕ್ಷರ ಬಂದಾಗ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಳು, ಆಗ ನನಗೆ ತುಂಬಾ ಸಂಕಟವಾಗುತ್ತಿತ್ತು. ವಾರಕ್ಕೆ ಒಂದು ಗಂಟೆ ಕೂತಿದ್ದರೂ ಸಾಕಿತ್ತು.

ಪಕ್ಕದ ಬೀದಿಯ ಹುಡುಗಿ ಪಟ್ಟಿಯಿಂದ ಮಿಕ್ಸಿ ತೆಗೆದಿದ್ದಾಳೆ, ಮಂಡಕ್ಕಿ ಹಾಗೇ ಇದೆ. ವಾರಕ್ಕೆ ಮೂರು ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ. ಹೇಳಿಕೊಡೋದು ನನ್ನ ಮಗಳು. ನಿನ್ನೆ ಆ ಹುಡುಗಿ ಹಳೇ ಬಿಸ್ಕತ್ತು ಪೊಟ್ಟಣ ಹಿಡಿದು ಕತಕಾನಾದಲ್ಲಿ 'ಜೆರಾಚಿನ್' ಅಂತ ಒಂದೊಂದೇ ಅಕ್ಷರ ಕೂಡಿಸಿ ಓದಿ, "ಅಕ್ಕಾ, ಜೆಲಾಟಿನ್! ಪ್ರಾಣಿಯದ್ದು, ಇದು ನಮಗಲ್ಲ ಅಲ್ವಾ?" ಅಂದಳು.