ಗಡಿಯಾರ ಓಡುತ್ತದೆ, ಬೆಲೆ ನಿಂತಿರುತ್ತದೆ: ಆನ್‌ಲೈನ್ ಹರಾಜಿನಲ್ಲಿ ಹಳಸಿದ ದರ ಹಿಡಿಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಸ್ನೇಹಿತರೊಬ್ಬರು ಬ್ಯಾಂಕ್ ಜಪ್ತಿ ಮಾಡಿದ್ದ ಜೀಪಿಗೆ ಸವಾಲು ಹಾಕುತ್ತಾ ಕಾಫಿ ಕಣದಲ್ಲಿ ಛತ್ರಿ ಹಿಡಿದು ನಿಂತಿದ್ದರು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮೊಬೈಲಿನಲ್ಲಿ ಬೆಲೆ 2,85,000, ಅದು ಅವರದೇ ಕೂಗು. ಸಮಯ ಇಳಿದು ಇಳಿದು ಸೊನ್ನೆಗೆ ಬಂತು. ಜೀಪು ನಮ್ಮದೇ ಅಂದುಕೊಂಡು ಒಳಗೆ ಹೋಗಿ ಹೆಂಡತಿಗೂ ಹೇಳಿದರು. ಸಂಜೆ ನೋಡಿದರೆ ಅದು 3,10,000ಕ್ಕೆ ಹಾಸನದವರ ಪಾಲಾಗಿತ್ತು. ನನ್ನ ಸ್ನೇಹಿತರ ಮಿತಿ 3,40,000 ಇತ್ತು! ಕೊನೆಯ ಆರೇಳು ನಿಮಿಷ ಅವರು ನೋಡುತ್ತಾ ನಿಂತಿದ್ದದ್ದು ಸತ್ತ ಪರದೆಯನ್ನು.

ಚಿಕ್ಕಮಗಳೂರಿನ ಐಜಿ ರಸ್ತೆಯ ಹತ್ತಿರ ಕೂತು ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ನಾನು ಇಂಥದ್ದನ್ನು ತಿಂಗಳಿಗೊಂದಾದರೂ ಕೇಳುತ್ತೇನೆ. ಹಳಸಿದ ದರ ಅಂದರೆ ನಿಜವಾದ ಬೆಲೆ ಬದಲಾದ ಮೇಲೂ ಕಣ್ಣೆದುರು ಉಳಿದ ಹಳೆಯ ಬೆಲೆ. ಅದನ್ನು ಗುರುತಿಸಲಿ ಎಂದೇ ಈ ಬರಹ.

ಮೊದಲು, ನೋಂದಣಿ ಮತ್ತು ಇಡಗಂಟು (ಸವಾಲು ಹಾಕಲು ಮುಂಚೆಯೇ ಕಟ್ಟುವ ಠೇವಣಿ). ಇದು ಸುಲಭ. ಪ್ಯಾನ್, ಆಧಾರ್, ಬ್ಯಾಂಕ್ ವಿವರ ಕೊಟ್ಟು ಹೆಸರು ನೋಂದಾಯಿಸಿ, ನೋಟಿಸಿನಲ್ಲಿ ಹೇಳಿದ ದಿನದೊಳಗೆ ಇಡಗಂಟು ಕಟ್ಟಿ. ಕೊನೆಯ ದಿನಕ್ಕೆ ಬಿಡಬೇಡಿ.

ಎರಡನೆಯದು, ನಿಮ್ಮ ಮಿತಿ ಎಷ್ಟೆಂದು ಕಾಗದದಲ್ಲಿ ಬರೆಯಿರಿ. ಹಳಸಿದ ದರದ ಮೊದಲ ಮೋಸ ಇಲ್ಲೇ. ಸೆಕೆಂಡ್ ಹ್ಯಾಂಡ್ ವಾಹನದ ಆ್ಯಪ್‌ಗಳಲ್ಲಿ ಕಾಣುವುದು ಮಾರುವವನು ಕೇಳಿದ ಬೆಲೆ, ಗಾಡಿ ನಿಜಕ್ಕೂ ಮಾರಾಟವಾದ ಬೆಲೆಯಲ್ಲ. ಎಷ್ಟೋ ಜಾಹೀರಾತು ಗಾಡಿ ಹೋಗಿ ತಿಂಗಳಾದರೂ ಅಲ್ಲೇ ನೇತಾಡುತ್ತಿರುತ್ತದೆ. ನಿನ್ನೆಯ ಮೆಣಸಿನ ರೇಟಿನ ವಾಟ್ಸ್‌ಆ್ಯಪ್ ಸಂದೇಶ ನಂಬಿ ಇವತ್ತು ಚೀಲ ಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ; ಜೀಪಿನ ವಿಷಯದಲ್ಲಿ ಮಾತ್ರ ಯಾಕೋ ನಂಬಿಬಿಡುತ್ತೇವೆ. ಗ್ಯಾರೇಜಿನವರನ್ನು ಕೇಳಿ. ಈಚೆಗೆ ಅಂಥದ್ದೇ ಗಾಡಿ ಎಷ್ಟಕ್ಕೆ ಕೈ ಬದಲಾಯಿತೆಂದು ಅವರಿಗೆ ಗೊತ್ತಿರುತ್ತದೆ. ಆರ್‌ಸಿ 15 ವರ್ಷ ದಾಟಿದ್ದರೆ ಮರುನೋಂದಣಿ ಖರ್ಚನ್ನೂ ಸೇರಿಸಿ. ಕೂಗಿದ ಬೆಲೆಯ ಮೇಲೆ ಜಿಎಸ್‌ಟಿ ಬೇರೆಯೋ ಎಂದು ಷರತ್ತಿನಲ್ಲಿ ಓದಿ. 18% ಬೇರೆ ಎಂದಿದ್ದರೆ 3 ಲಕ್ಷಕ್ಕೆ 54,000 ಹೆಚ್ಚು ಬೀಳುತ್ತದೆ.

(ಕಾಫಿ ತೋಟಗಳನ್ನೇ ಸರ್ಫೇಸಿ ಕಾಯ್ದೆಯಡಿ, ಅಂದರೆ ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನಿನಡಿ, ಆನ್‌ಲೈನ್ ಹರಾಜಿಗೆ ಇಡುತ್ತಿರುವುದನ್ನು ಇಲ್ಲಿನ ಬೆಳೆಗಾರರು ವಿರೋಧಿಸುತ್ತಾ ಬಂದಿದ್ದಾರೆ. ಪಕ್ಕದವರ ತೋಟ ಹಿಡಿಯಲು ನನ್ನ ಹತ್ತಿರ ಬರಬೇಡಿ, ನಾನು ಆ ಅರ್ಜಿ ತುಂಬುವುದಿಲ್ಲ.)

ಮೂರನೆಯದು, ಪರದೆ ಬದುಕಿದೆಯೋ ಸತ್ತಿದೆಯೋ ತಿಳಿಯುವುದು. ಎಲ್ಲರೂ ಮುಗ್ಗರಿಸುವುದು ಇಲ್ಲಿ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಊರಿನ ಹರಾಜಿನಲ್ಲಿ 'ಒಂದು ಸಲ, ಎರಡು ಸಲ' ಎಂದು ಕೂಗುವವನ ಬಾಯಿ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಹಾಗಲ್ಲ. ಪುಟ ತೆರೆದಾಗ ಸರ್ವರ್ (ತಾಣ ನಡೆಸುವ ಕಂಪ್ಯೂಟರ್) 'ಹರಾಜು ಇಷ್ಟು ಗಂಟೆಗೆ ಮುಗಿಯುತ್ತದೆ' ಎಂದು ಒಮ್ಮೆ ಹೇಳಿರುತ್ತದೆ. ಅನೇಕ ತಾಣಗಳಲ್ಲಿ ಆಮೇಲೆ ಸೆಕೆಂಡು ಎಣಿಸುವ ಕೆಲಸ ನಿಮ್ಮ ಮೊಬೈಲಿನದೇ. ನೆಟ್‌ವರ್ಕ್ ಹೋದರೂ ಅದು ಎಣಿಸುತ್ತಲೇ ಇರುತ್ತದೆ. ಬೆಲೆ ಮಾತ್ರ ಪ್ರತಿ ಸಲ ಸರ್ವರಿನಿಂದಲೇ ಬರಬೇಕು. ಹಾಗಾಗಿ ಗಡಿಯಾರ ಓಡುತ್ತಿದೆ ಎಂದ ಮಾತ್ರಕ್ಕೆ ಬೆಲೆ ತಾಜಾ ಅಲ್ಲ. ನನ್ನ ಸ್ನೇಹಿತರು ಕೆಟ್ಟದ್ದು ಇದರಿಂದಲೇ. ಅದರ ಮೇಲೆ, ಕೊನೆಯ ಕೆಲವು ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಇಂಥ ಹರಾಜುಗಳಲ್ಲಿ ಸಮಯ ತಾನಾಗಿಯೇ ಮುಂದೆ ಹೋಗುತ್ತದೆ; ಸಾಮಾನ್ಯವಾಗಿ 5 ನಿಮಿಷ. ಸತ್ತ ಪರದೆಗೆ ಆ ವಿಸ್ತರಣೆಯೂ ತಿಳಿಯಲಿಲ್ಲ. ಅವರ ಮೊಬೈಲಿನಲ್ಲಿ ಹರಾಜು ಮುಗಿದಿತ್ತು, ಸರ್ವರಿನಲ್ಲಿ ಇನ್ನೂ ನಡೆಯುತ್ತಿತ್ತು.

ಹಿಂದಿನ ದಿನವೇ ಒಂದು ಪರೀಕ್ಷೆ ಮಾಡಿ. ಅದೇ ತಾಣದಲ್ಲಿ ಕೌಂಟ್‌ಡೌನ್ ಇರುವ ಪುಟ ತೆರೆದು ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎರಡು ನಿಮಿಷ ನೋಡಿ. 'ಸಂಪರ್ಕ ತಪ್ಪಿದೆ' ಎಂದು ಕೆಂಪು ಪಟ್ಟಿ ಬಂದರೆ ತಾಣ ಪ್ರಾಮಾಣಿಕ. ಏನೂ ಆಗದೆ ಸೆಕೆಂಡು ಓಡುತ್ತಲೇ ಇದ್ದರೆ, ಈ ತಾಣ ನಿಮಗೆ ಏನನ್ನೂ ಹೇಳುವುದಿಲ್ಲ, ಎಚ್ಚರ ನಿಮ್ಮದೇ ಎಂದು ತಿಳಿಯಿರಿ.

ಹರಾಜಿನ ದಿನ ಬ್ಯಾಟರಿ ಸೇವರ್, ಡೇಟಾ ಸೇವರ್ ಎರಡನ್ನೂ ಆಫ್ ಮಾಡಿ. ನಡುವೆ ವಾಟ್ಸ್‌ಆ್ಯಪ್‌ಗೆ ಹೋಗಿ ಬರಬೇಡಿ: ಹಿಂದಕ್ಕೆ ಸರಿದ ಪುಟವನ್ನು ಮೊಬೈಲು ನಿದ್ದೆಗೆ ದೂಡುತ್ತದೆ, ನೀವು ವಾಪಸ್ ಬಂದಾಗ ಕಾಣುವುದು ಹೋಗುವಾಗಿನ ಬೆಲೆ. ಕರೆ ಬಂದು ಮಾತಾಡಿದರೂ ಇದೇ ಕಥೆಯಾಗಬಹುದು. ನನ್ನ ಮಾತು ಕೇಳುವುದಾದರೆ ಮೊಬೈಲೇ ಬೇಡ, ಲ್ಯಾಪ್‌ಟಾಪ್‌ನಲ್ಲಿ ಕೂರಿ. ಪ್ರತಿ ಸವಾಲಿಗೆ ಮೊದಲು ಪುಟವನ್ನು ಪೂರ್ತಿ ರಿಫ್ರೆಶ್ ಮಾಡಿ (ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ), 'ಸರ್ವರ್ ಟೈಮ್' ಎಂದಿದ್ದರೆ ಅದನ್ನು ಓದಿ, ಬೆಲೆ ಓದಿ, ಆಮೇಲೆ ಕೂಗಿ. ಕೊನೆಯ ಹತ್ತು ನಿಮಿಷ ಕೂಗದಿದ್ದರೂ ನಿಮಿಷಕ್ಕೊಮ್ಮೆ ರಿಫ್ರೆಶ್ ಇರಲಿ. ರಿಫ್ರೆಶ್ ಮಾಡಿದಾಗ ಲಾಗಿನ್ ಪುಟಕ್ಕೆ ಎಸೆದರೆ ಗಾಬರಿ ಬೇಡ. ಸುಮ್ಮನೆ ಕೂತಿದ್ದಕ್ಕೆ ತಾಣ ನಿಮ್ಮನ್ನು ಹೊರಗೆ ಹಾಕಿತ್ತು, ಅದು ಈಗಲೇ ಗೊತ್ತಾಗಿದ್ದು ಪುಣ್ಯ.

ಒಳ್ಳೆಯದಾಗಲೆಂದು ಎರಡು ಮೊಬೈಲಿನಲ್ಲಿ ಒಂದೇ ಲಾಗಿನ್ ತೆರೆಯುವ ಬುದ್ಧಿವಂತರಿದ್ದಾರೆ. ಕೆಲವು ತಾಣ ಅದನ್ನು ಬಿಡುವುದಿಲ್ಲ. ಎರಡನೆಯದು ತೆರೆದ ಕ್ಷಣಕ್ಕೆ ಮೊದಲನೆಯದು ಸತ್ತಿರುತ್ತದೆ, ಪರದೆ ಮಾತ್ರ ಹಾಗೇ ಇರುತ್ತದೆ. ಒಂದೇ ಯಂತ್ರ ಇರಲಿ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲನ್ನು ಹಾಟ್‌ಸ್ಪಾಟ್‌ಗೆ ಸಿದ್ಧ ಇಟ್ಟುಕೊಳ್ಳಿ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಕರೆಂಟಿಲ್ಲದೆ ಸ್ವಲ್ಪ ಹೊತ್ತಿಗೆ ಟವರೂ ಹೋಗಬಹುದು. ಅಂಥ ತೋಟದಲ್ಲಿ ಕೂತು ಹರಾಜು ಹಿಡಿಯುವ ಬದಲು ಆ ದಿನ ಪೇಟೆಗೆ ಬನ್ನಿ. ಬಸ್ ಚಾರ್ಜು ಜೀಪಿಗಿಂತ ಅಗ್ಗ.

ನಾಲ್ಕನೆಯದು, ಆಟೊ ಬಿಡ್. ತಾಣದಲ್ಲೇ ಈ ಸೌಲಭ್ಯ ಇದ್ದರೆ ಕಣ್ಣು ಮುಚ್ಚಿ ಬಳಸಿ. ಕಾಗದದಲ್ಲಿ ಬರೆದ ಮಿತಿಯನ್ನು ಕೊಟ್ಟುಬಿಟ್ಟರೆ, ಎದುರಾಳಿ ಕೂಗಿದಾಗಲೆಲ್ಲ ಸರ್ವರೇ ಒಂದೊಂದು ಮೆಟ್ಟಿಲು ಏರಿಸುತ್ತದೆ. ಸರ್ವರಿಗೆ ಬೆಲೆ ಹಳಸುವ ಪ್ರಶ್ನೆಯೇ ಇಲ್ಲ; ನಿಮ್ಮ ನೆಟ್‌ವರ್ಕ್ ಸತ್ತರೂ ನಿಮ್ಮ ಸವಾಲು ಬದುಕಿರುತ್ತದೆ. 'ಮಿತಿ ಗೊತ್ತಾದರೆ ಅಷ್ಟಕ್ಕೇ ಏರಿಸುತ್ತಾರೆ' ಎಂಬ ಅನುಮಾನ ತುಂಬಾ ಜನರದು. ಹಾಗಾದರೂ ನೀವು ಕೊಡುವುದು ನಿಮ್ಮ ಮಿತಿಯನ್ನೇ ತಾನೇ?

ಬೇಡವೇ ಬೇಡ ಎನ್ನುವುದು ಹೊರಗಿನವರು ಮಾರುವ 'ಕೊನೇ ಸೆಕೆಂಡಿನ ಬಿಡ್' ಆ್ಯಪ್‌ಗಳಿಗೆ, ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿಗೆ. ಅವು ನೋಡುವುದೂ ನಿಮ್ಮ ಪರದೆಯನ್ನೇ. ಅದು ಹಳಸಿದ್ದರೆ ಅವುಗಳ ಲೆಕ್ಕವೂ ಹಳಸುತ್ತದೆ. ಸಮಯ ತಾನಾಗಿ ವಿಸ್ತರಿಸುವ ಹರಾಜಿನಲ್ಲಿ ಕೊನೇ ಸೆಕೆಂಡು ಎಂಬುದೇ ಇರುವುದಿಲ್ಲ. ಮೇಲಾಗಿ ಪಾಸ್‌ವರ್ಡ್ ಬೇರೆ ಕೇಳುತ್ತವೆ. ಹಲವು ತಾಣಗಳ ಹರಾಜನ್ನು ಒಂದೇ ಕಡೆ ಪಟ್ಟಿ ಮಾಡಿ ತೋರಿಸುವ ಆ್ಯಪ್‌ಗಳು ಗಾಡಿ ಹುಡುಕಲು ಮಾತ್ರ. ಅವು ಆಗಾಗ ನಕಲು ಮಾಡಿಕೊಂಡ ಬೆಲೆ ತೋರಿಸುತ್ತವೆ. ನಾನೇ ಒಮ್ಮೆ ಅಂಥದ್ದರ ಬೆಲೆ ನಂಬಿ, ಹಿಂದಿನ ವಾರವೇ ಮುಗಿದಿದ್ದ ಹರಾಜಿಗೆ ಇಡಗಂಟು ಹೊಂದಿಸಲು ಅಲೆದಿದ್ದೇನೆ.

ಐದನೆಯದು, ಕೂಗುವುದು. ಸೊನ್ನೆ ಎಣಿಸಿ. ಅಂಕಿಯನ್ನು ಅಕ್ಷರದಲ್ಲೂ ತೋರಿಸಿದರೆ ಜೋರಾಗಿ ಓದಿ. ಸವಾಲು ತಿರಸ್ಕೃತವಾದರೆ ನೀವು ನೋಡಿದ ಬೆಲೆ ಹಳೆಯದು ಎಂದೇ ಬಹುಪಾಲು ಅರ್ಥ. ಸಿಟ್ಟಿನಲ್ಲಿ ಐವತ್ತು ಸಾವಿರ ಏರಿಸದೆ ರಿಫ್ರೆಶ್ ಮಾಡಿ.

ಕೊನೆಗೆ, ಮುಗಿದ ಮೇಲೆ. ಹೊರಗೆ ಬಂದು ಮತ್ತೆ ಲಾಗಿನ್ ಆಗಿ ಫಲಿತಾಂಶ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೈಟು, ಮನೆ ಗೆದ್ದಿದ್ದರೆ ಕೈಯಲ್ಲಿ ಹಣ ಇರಬೇಕು: ಸರ್ಫೇಸಿ ನಿಯಮದಂತೆ ಇಡಗಂಟೂ ಸೇರಿ ಗೆದ್ದ ಬೆಲೆಯ 25% ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಸೋತಿದ್ದರೆ ಇಡಗಂಟು ನೀವು ಕೊಟ್ಟ ಖಾತೆಗೇ ವಾಪಸ್. ಆದರೆ ಆ ಖಾತೆಯ ವಿವರವೂ ಹಳಸಿರಬಾರದು. ನಮ್ಮ ಕಡೆ ಈಗಲೂ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬರುವವರಿದ್ದಾರೆ. 2019ರಲ್ಲಿ ವಿಜಯಾ, 2020ರಲ್ಲಿ ಉಳಿದೆರಡು ವಿಲೀನವಾಗಿ ಐಎಫ್‌ಎಸ್‌ಸಿ ಕೋಡುಗಳು ಬದಲಾಗಿವೆ. ನೋಂದಣಿಯ ದಿನವೇ ಶಾಖೆಗೆ ಹೋಗಿ ಹೊಸ ಕೋಡು ಬರೆಸಿಕೊಂಡು ಬನ್ನಿ.